ಆಕಸ್ಮಿಕವಲ್ಲದ ಆಕಸ್ಮಿಕಗಳು

ಸಂಸ್ಕೃತದಲ್ಲಿ ‘ಕಸ್ಮಾತ್’ ಎಂದರೆ ‘ಏತರಿಂದ’ ಎಂದರ್ಥ. ಅದಕ್ಕೆ ನಿಷೇಧಾರ್ಥದ ಅಕಾರ ಸೇರಿ ‘ಅಕಸ್ಮಾತ್’ ಎಂಬ ಅವ್ಯಯವೂ ಅದರಿಂದ ‘ಆಕಸ್ಮಿಕ’ ಎಂಬ ಶಬ್ದವೂ ಸಿದ್ಧಿಸಿದವು. ಏತರಿಂದ ಆಯಿತೆಂದು ಹೇಳಲು ಬಾರದ, ಕಾರಣವೇ ಕಾಣದ ಸಂಗತಿ ಆಕಸ್ಮಿಕ. ದುಡಿಮೆಯ ತಾಣದಲ್ಲಿ ಒಬ್ಬನ ಬೆರಳು ತುಂಡಾದರೆ, ಬೆನ್ನು ಮುರಿದರೆ, ಪ್ರಾಣವೇ ಹೋದರೆ ಜನರು ಈ ಶಬ್ದವನ್ನೇ ಬಳಸುತ್ತಾರೆ. ‘ಅವನ ಹಣೆಬರಹ’ ಎಂದೂ ಸೇರಿಸುತ್ತಾರೆ. ಶಬ್ದವು ರೂಢಿಯಲ್ಲಿದೆ, ನಿಜ. ಅರ್ಥ ಮಾತ್ರ ಸಂಗತಿಗೆ ಒಪ್ಪುವುದಿಲ್ಲ. ಇಂಥ ಅವಘಡಗಳಿಗೆ ಕಾರಣವುಂಟು, ಕಾಲವುಂಟು. ಆದುದರಿಂದಲೇ ನಿವಾರಣೋಪಾಯವೂ ಉಂಟು. ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ದುಡಿಮೆಯನ್ನು ಪರಿಶೀಲಿಸಿದರೆ ಈ ಮಾತು ವಿಶದವಾಗುತ್ತದೆ.

ಕೈಗಾರಿಕೆಯೆಂದೊಡನೆ ಹೊಗೆಯ ಕೊಳವೆ, ದೊಡ್ಡ ಕಟ್ಟಡ, ಪಾಳಿಯ ಸೈರನ್ನು ಕಣ್ಣಮುಂದೆ ಬರುವುದು ಸಹಜ. ಪುತ್ತೂರಿನಲ್ಲಿ 1986ರಲ್ಲಿ ಆರಂಭವಾದ ಕ್ಯಾಂಪ್ಕೊ ಚಾಕೊಲೇಟ್ ಕಾರ್ಖಾನೆಯಂಥ ಉದ್ಯಮಗಳು ಇಲ್ಲಿಯೂ ಇವೆ. ಕಾರ್ಖಾನೆಯ ಕಾರ್ಮಿಕನ ರಕ್ಷಣೆಗೆ 1948ರಲ್ಲಿಯೇ ಕಾಯಿದೆಯಾಯಿತು. ತಿರುಗುವ ಯಂತ್ರಭಾಗಕ್ಕೆ ರಕ್ಷಾಕವಚವಿರಬೇಕು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿರಬೇಕು, ಅಪಘಾತವಾದರೆ ವರದಿಯಾಗಬೇಕು ಎಂದು ಅದು ವಿಧಿಸಿತು. ಆದರೆ ಈ ಮೂರು ತಾಲ್ಲೂಕುಗಳ ಬಹುಸಂಖ್ಯಾತ ಶ್ರಮಜೀವಿಗಳು ದುಡಿಯುವುದು ಅಡಿಕೆಯ ತೋಟದಲ್ಲಿ, ರಬ್ಬರಿನ ಗುಡ್ಡದಲ್ಲಿ, ಕೆಂಪುಕಲ್ಲಿನ ಕೋರೆಯಲ್ಲಿ. ಇವು ಗೋಡೆಗಳಿಲ್ಲದ ಕಾರ್ಖಾನೆಗಳು. ಇಲ್ಲಿ ಅಪಾಯ ಕಡಿಮೆಯಲ್ಲ. ಅಪಾಯವನ್ನು ಗುರುತಿಸುವ ಕಣ್ಣು ಮಾತ್ರ ಕಡಿಮೆ.

ಅವುಗಳಲ್ಲಿ ಮೊದಲನೆಯದು ಮರದಿಂದ ಬೀಳುವುದು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮಿಶ್ರಣವನ್ನು ಸಿಂಪಡಿಸುವ ಕ್ರಮವನ್ನು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ನರು 1910ರ ಸುಮಾರಿಗೆ ಬಳಕೆಗೆ ತಂದರು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು—ಇದು ಇಂದಿಗೂ ತೋಟದವರ ಬಾಯಿಪಾಠ. ಮಳೆಗಾಲದ ಹೊಸ್ತಿಲಲ್ಲಿ ಒಮ್ಮೆ, ನಲವತ್ತು ನಲವತ್ತೈದು ದಿನಗಳ ಬಳಿಕ ಮತ್ತೊಮ್ಮೆ ಮದ್ದು ಬಿಡಬೇಕು. ಈ ಎರಡನೆಯ ಸಲ ಮರದ ಮೈಯೆಲ್ಲ ಪಾಚಿಗಟ್ಟಿರುತ್ತದೆ. ಮಳೆ ಹೊಳವಾಗುವುದು ಅಲ್ಪಕಾಲ. ಅಷ್ಟರೊಳಗೆ ಕೆಲಸ ಮುಗಿಯಬೇಕೆಂಬ ಅವಸರ ಒಡೆಯನಿಗೂ ಉಂಟು, ಆಳಿಗೂ ಉಂಟು. ಏರುವವನಿಗೆ ಆಧಾರವೆಂದರೆ ಪಾದಗಳಿಗೆ ತೊಡಿಸಿದ ತಳೆ ಮತ್ತು ತನ್ನ ತೋಳಬಲ. ನಲವತ್ತು ಅಡಿ ಎತ್ತರದಿಂದ ಜಾರಿದವನು ಒಂದೂವರೆ ಸೆಕೆಂಡಿನಷ್ಟರಲ್ಲಿ ನೆಲ ಸೇರುತ್ತಾನೆ. ಆಗ ಅವನ ವೇಗ ಗಂಟೆಗೆ ಸುಮಾರು 55 ಕಿಲೋಮೀಟರು. ಬದುಕಿ ಉಳಿದರೂ ಬೆನ್ನುಹುರಿಗೆ ಪೆಟ್ಟಾದರೆ ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪುತ್ತದೆ. ಕಡಬಕ್ಕೆ ನೆರೆಯ ಕೊಕ್ಕಡದಲ್ಲಿ ಬೆನ್ನುಹುರಿಯ ಗಾಯಾಳುಗಳಿಗಾಗಿಯೇ ‘ಸೇವಾಧಾಮ’ವೆಂಬ ಪುನಶ್ಚೇತನ ಕೇಂದ್ರ ನಡೆಯುತ್ತಿದೆಯೆಂದರೆ ಈ ವ್ಯಥೆಯ ಆಳವನ್ನು ಊಹಿಸಬಹುದು. ಮರದ ರೋಗಕ್ಕೆ ನೂರು ವರ್ಷಗಳ ಹಿಂದೆಯೇ ಮದ್ದು ದೊರಕಿತು. ಮರವೇರುವವನ ಸೊಂಟಕ್ಕೆ ಕಟ್ಟಬೇಕಾದ ರಕ್ಷಾಪಟ್ಟಿ ಇನ್ನೂ ಎಷ್ಟೋ ತೋಟಗಳಿಗೆ ಬಂದಿಲ್ಲ.

ಎರಡನೆಯದು ವಿದ್ಯುತ್ತು. ಮರವೇರುವವರು ವಿರಳರಾದ ಮೇಲೆ ನೆಲದಲ್ಲಿ ನಿಂತೇ ಕೊನೆ ತೆಗೆಯುವ, ಮದ್ದು ಬಿಡುವ ಉದ್ದನೆಯ ದೋಟಿಗಳು ಬಂದವು. ಬೀಳುವ ಭಯ ನೀಗಿತೆಂಬುದು ದೊಡ್ಡ ಲಾಭವೇ ಸರಿ. ಆದರೆ ತೋಟದ ನಡುವೆ ತಂತಿ ಹಾದುಹೋಗಿದ್ದರೆ ಅದೇ ದೋಟಿ ಮೃತ್ಯುವಿಗೆ ಸೇತುವೆಯಾಗುತ್ತದೆ. ಅಲ್ಯೂಮಿನಿಯಮ್ಮಿನ ದೋಟಿ, ಕಾಳುಮೆಣಸು ಕೊಯ್ಯುವ ಅಲ್ಯೂಮಿನಿಯಮ್ಮಿನ ಏಣಿ ಇವುಗಳ ಅಪಾಯ ಹಲವರಿಗೆ ತಿಳಿದಿದೆ. ಹಗುರವಾದ ಕಾರ್ಬನ್ ಫೈಬರ್ ದೋಟಿಯಲ್ಲಿಯೂ ವಿದ್ಯುತ್ತು ಹರಿಯುತ್ತದೆಂಬುದು ಬಹುಮಂದಿಗೆ ತಿಳಿದಿಲ್ಲ. ಲೋಹವಲ್ಲವೆಂಬ ಧೈರ್ಯದಿಂದ ಅದನ್ನು ತಂತಿಯ ಬಳಿ ಎತ್ತುವುದು ಸಲ್ಲದು. ತಂತಿಯ ಸಮೀಪದ ಮರಗಳ ಕೆಲಸವನ್ನು ವಿದ್ಯುತ್ತು ಕಡಿತ ಮಾಡಿಸಿಯೇ ನಡೆಸಬೇಕು.

ಮೂರನೆಯದು ರಬ್ಬರಿನ ಕೆಲಸ. 1964ರ ಒಪ್ಪಂದದ ಬಳಿಕ ಶ್ರೀಲಂಕೆಯಿಂದ ಮರಳಿದ ತಮಿಳು ಕುಟುಂಬಗಳಲ್ಲಿ ಅನೇಕವು ಸುಳ್ಯ ಮತ್ತು ಪುತ್ತೂರು ಪ್ರದೇಶದ ಸರಕಾರಿ ರಬ್ಬರು ತೋಟಗಳಲ್ಲಿ ನೆಲೆಗೊಂಡವು. ನಸುಕಿನ ಕತ್ತಲೆಯಲ್ಲಿ ಗುಡ್ಡವೇರಿ ಮರ ಕೆತ್ತುವವರಿಗೆ ಜಾರುವ ನೆಲ, ಹರಿತವಾದ ಕತ್ತಿ, ಹಾವು ಇವು ನಿತ್ಯದ ಜೊತೆಗಾರರು. ಹಾಲನ್ನು ಹೆಪ್ಪುಗಟ್ಟಿಸುವ ಫಾರ್ಮಿಕ್ ಆಮ್ಲ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ನೀರಿಗೆ ಆಮ್ಲವನ್ನು ಸುರಿಯಬೇಕೇ ಹೊರತು ಆಮ್ಲಕ್ಕೆ ನೀರನ್ನಲ್ಲ. ಶೀಟು ಒತ್ತುವ ಯಂತ್ರದ ಉರುಳೆಗಳ ನಡುವೆ ಬೆರಳು ಸಿಕ್ಕಿ ಜಜ್ಜಿಹೋಗುವುದೂ ಉಂಟು.

ಯಂತ್ರಗಳ ವಿಷಯದಲ್ಲಿ ಒಂದು ಸಾಮಾನ್ಯ ನಿಯಮವಿದೆ. ಅಡಿಕೆ ಸುಲಿಯುವ ಯಂತ್ರವಾಗಲಿ, ಹುಲ್ಲು ಕತ್ತರಿಸುವ ಯಂತ್ರವಾಗಲಿ, ಕೆಂಪುಕಲ್ಲು ಕೊಯ್ಯುವ ಗರಗಸವಾಗಲಿ, ಸಿಕ್ಕಿಕೊಂಡುದನ್ನು ತೆಗೆಯುವ ಮುನ್ನ ಯಂತ್ರವನ್ನು ಪೂರ್ಣವಾಗಿ ನಿಲ್ಲಿಸತಕ್ಕದ್ದು. ಹೆಗಲ ಮೇಲಿನ ಬೈರಾಸು, ಸಡಿಲವಾದ ಸೆರಗು, ಬಿಚ್ಚಿದ ಕೂದಲು ಯಂತ್ರದ ಬಳಿ ಇರಕೂಡದು. ಕೋರೆಯ ಕಡಿದಾದ ಅಂಚು ಮಳೆಗೆ ಕುಸಿಯುತ್ತದೆ. ತೋಡಿ ಬಿಟ್ಟ ಹೊಂಡದಲ್ಲಿ ನೀರು ತುಂಬಿ ಮಕ್ಕಳ ಪ್ರಾಣಕ್ಕೂ ಎರವಾಗುತ್ತದೆ. ಕೆಲಸ ಮುಗಿದರೂ ಹೊಂಡದ ಹೊಣೆ ಮುಗಿಯುವುದಿಲ್ಲ.

ಅವಘಡವಾದ ಮೇಲಿನ ಕೆಲವು ನಿಮಿಷಗಳು ಗಾಯಾಳುವಿನ ಮುಂದಿನ ಜೀವಮಾನವನ್ನೇ ನಿರ್ಣಯಿಸಬಲ್ಲವು. ಮರದಿಂದ ಬಿದ್ದವನನ್ನು ಕೈಹಿಡಿದು ಎಬ್ಬಿಸಿ ಕುಳ್ಳಿರಿಸುವುದು, ಬಗ್ಗಿಸಿ ಆಟೋರಿಕ್ಷಾದೊಳಗೆ ತುರುಕುವುದು ಕರುಣೆಯಿಂದ ಮಾಡುವ ಅಪಚಾರ; ಅಲ್ಪ ಪೆಟ್ಟಾದ ಬೆನ್ನುಹುರಿ ಅದರಿಂದ ಪೂರ್ಣ ಕೆಡಬಹುದು. ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರುವಂತೆ ಮೂರು ನಾಲ್ಕು ಜನ ಒಟ್ಟಾಗಿ ಹಲಗೆಯ ಮೇಲೆ ಮಲಗಿಸಿ 108ರ ವಾಹನವನ್ನು ಕರೆಯಬೇಕು. ಪ್ರಜ್ಞೆ ತಪ್ಪಿದವನ ಬಾಯಿಗೆ ನೀರು ಹಾಕಕೂಡದು. ವಿದ್ಯುತ್ತು ತಗುಲಿದವನನ್ನು ಸಂಪರ್ಕ ಕಡಿಯುವ ಮುನ್ನ ಮುಟ್ಟಕೂಡದು. ಆಮ್ಲ ಬಿದ್ದ ಕಣ್ಣನ್ನು ಹರಿಯುವ ನೀರಿನಲ್ಲಿ ಇಪ್ಪತ್ತು ನಿಮಿಷ ತೊಳೆಯಬೇಕು. ಹಾವು ಕಚ್ಚಿದಲ್ಲಿ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಎರಡೂ ತಪ್ಪು. ಅಂಗವನ್ನು ಅಲುಗಿಸದೆ ಆಸ್ಪತ್ರೆಗೆ ಒಯ್ಯುವುದೇ ಸರಿ.

ದುಡಿಮೆಯ ಸಂಬಂಧದಿಂದ ಗಾಯಗೊಂಡವನಿಗೆ ಪರಿಹಾರ ಸಲ್ಲಬೇಕೆಂಬ ತತ್ತ್ವವನ್ನು ನಮ್ಮ ದೇಶದ ಕಾನೂನು 1923ರಲ್ಲಿಯೇ ಅಂಗೀಕರಿಸಿತು. ತೆಂಗು ಅಭಿವೃದ್ಧಿ ಮಂಡಳಿಯು ತೆಂಗಿನಮರವೇರುವವರಿಗಾಗಿ ‘ಕೇರ ಸುರಕ್ಷಾ’ ಎಂಬ ಅಪಘಾತ ವಿಮೆಯನ್ನು ರೂಪಿಸಿತು. ಆದರೆ ಇಂದು ಈ ತೋಟ, ನಾಳೆ ಮತ್ತೊಂದು ತೋಟವೆಂದು ದಿನಗೂಲಿಗೆ ಹೋಗುವವನು ಬಿದ್ದಾಗ ಒಡೆಯನು ಯಾರೆಂಬುದೇ ವಿವಾದವಾಗುತ್ತದೆ. ಒಡೆಯನು ಆಸ್ಪತ್ರೆಯ ಖರ್ಚನ್ನು ಕೊಟ್ಟು ಕೈಮುಗಿಯುತ್ತಾನೆ. ಮಲಗಿದವನ ಮನೆಯ ಒಲೆ ಮುಂದಿನ ವರ್ಷಗಳಲ್ಲಿ ಹೇಗೆ ಉರಿಯಬೇಕೆಂಬುದಕ್ಕೆ ಉತ್ತರವಿರುವುದಿಲ್ಲ. ಮಳೆಗಾಲಕ್ಕೆ ಮುನ್ನ ಮೈಲುತುತ್ತನ್ನು ಕೊಳ್ಳುವಾಗಲೇ ಒಂದು ರಕ್ಷಾಪಟ್ಟಿಯನ್ನು ಕೊಳ್ಳುವುದು, ಏರುವವನ ಹೆಸರಿನಲ್ಲಿ ವಿಮೆಯ ಕಂತು ಕಟ್ಟುವುದು ಯಾವ ತೋಟಕ್ಕೂ ಭಾರವಾಗದು.

ಶರಣರು ದುಡಿಮೆಗೆ ‘ಕಾಯಕ’ವೆಂಬ ಹೆಸರನ್ನು ಕೊಟ್ಟರು. ಆ ಶಬ್ದದ ಮೂಲದಲ್ಲಿರುವುದು ‘ಕಾಯ’. ಕಾಯವನ್ನು ಕಡೆಗಣಿಸಿ ಕಾಯಕವನ್ನು ಕೊಂಡಾಡುವುದು ಮಾತಿಗೂ ಸಲ್ಲದು, ಧರ್ಮಕ್ಕೂ ಸಲ್ಲದು. ಹಗ್ಗ ಹೊಸೆಯುವುದನ್ನೇ ಕಾಯಕವಾಗಿಸಿಕೊಂಡವನು ನುಲಿಯ ಚಂದಯ್ಯ. ಹೊಸೆದವನ ಕಾಯಕ ಶುದ್ಧವಾಗಿದ್ದರೆ ಹಗ್ಗವನ್ನು ನಂಬಿ ಏರಿದವನು ಕ್ಷೇಮವಾಗಿ ಇಳಿಯುತ್ತಾನೆ. ಅನ್ನದಾಸೋಹ, ವಿದ್ಯಾದಾಸೋಹಗಳಿಗೆ ನೆರವಾಗುವ ಕೈಗಳು ತಮ್ಮ ತೋಟದಲ್ಲಿ ಮರವೇರುವವನ ಹಗ್ಗವನ್ನು ಒಮ್ಮೆ ಎಳೆದು ನೋಡಿದರೆ ಅದೂ ದಾಸೋಹವೇ. ಶಾಲೆಯಲ್ಲಿ ವಿಜ್ಞಾನದ ಪಾಠ ಹೇಳುವ ಅಧ್ಯಾಪಕರು ಪತನದ ವೇಗವನ್ನೂ ವಿದ್ಯುದ್ವಾಹಕತೆಯನ್ನೂ ಅಡಿಕೆಮರ, ದೋಟಿಗಳ ಉದಾಹರಣೆಯಿಂದ ಬೋಧಿಸಲಿ. ಗಾಯಾಳುವನ್ನು ಹಲಗೆಯ ಮೇಲೆ ಎತ್ತುವ ಕ್ರಮವನ್ನು ವರ್ಷಕ್ಕೊಮ್ಮೆ ಆಟದ ಬಯಲಿನಲ್ಲಿ ಮಾಡಿಸಲಿ. ಆ ಪಾಠವನ್ನು ಕೇಳಿದ ಬಾಲಕನು ಸಂಜೆ ಮನೆಗೆ ಹೋಗಿ ತಂದೆಯ ತಳೆಯನ್ನು ಪರೀಕ್ಷಿಸಿದರೆ ವಿದ್ಯೆ ಸಾರ್ಥಕವಾದಂತೆ.