ರಾಗಿಯ ಮುಂದಿನ ಅಂಕಿ: ಪೋಷಕಾಂಶ ಕೋಷ್ಟಕವನ್ನು ಓದಿಸಿದ ಒಂದು ಪಾಠ

ಬೋಧನಾಭ್ಯಾಸದಲ್ಲಿ ಒಂಬತ್ತನೆಯ ತರಗತಿಗೆ ನಾನು ಆಯ್ದುಕೊಂಡ ಕಲಿಕಾಂಶ ‘ಪೋಷಕಾಂಶ ಕೋಷ್ಟಕವನ್ನು ಓದುವುದು’. ಮಕ್ಕಳು ಇಂಥ ಕೋಷ್ಟಕವನ್ನು ಬಾಯಿಪಾಠ ಮಾಡುತ್ತಾರೆ. ಆ ಅಂಕಿ ಹೇಗೆ ಬಂತೆಂದು ಕೇಳುವುದಿಲ್ಲ. ಅದನ್ನು ಕೇಳುವಂತೆ ಮಾಡುವುದೇ ಪಾಠದ ಉದ್ದೇಶ. ಪಾಠೋಪಕರಣಗಳು: ರಾಗಿ ಹಿಟ್ಟು, ತಕ್ಕಡಿ, ಒಂದು ಚಾರ್ಟ್.

ಹಂತ 1: ಅಂಕಿಯ ಹುಟ್ಟು
ಭಾರತೀಯ ಆಹಾರಗಳ ಪೋಷಕಮೌಲ್ಯದ ಕೋಷ್ಟಕವನ್ನು 1937ರಲ್ಲಿ ಕೂನೂರಿನ ಪ್ರಯೋಗಾಲಯದ ನಿರ್ದೇಶಕರಾಗಿದ್ದ ಆಯ್ಕ್ರಾಯ್ಡ್ ಹೊರತಂದರು. ಆ ಸಂಸ್ಥೆಯೇ ಇಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. 2017ರ ಕೋಷ್ಟಕಕ್ಕಾಗಿ ಅದು ದೇಶವನ್ನು ಆರು ವಲಯಗಳಾಗಿ ವಿಂಗಡಿಸಿ ಮಾದರಿಗಳನ್ನು ಸಂಗ್ರಹಿಸಿ, 528 ಆಹಾರಗಳ ವಿವರ ಕೊಟ್ಟಿತು. ಅದರಲ್ಲಿ 100 ಗ್ರಾಂ ರಾಗಿಯ ಕ್ಯಾಲ್ಸಿಯಂ 364 ± 58 ಮಿ.ಗ್ರಾಂ. “ಈ ± ಏಕೆ? ಅವರಿಗೇ ಖಚಿತವಿಲ್ಲವೆ?” ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ತಳಿ, ಮಣ್ಣು, ಊರು ಬದಲಾದಂತೆ ರಾಗಿಯೂ ಬದಲಾಗುತ್ತದೆ. ಆ ಏರಿಳಿತವನ್ನು ಮುಚ್ಚಿಡದೆ ಹೇಳುವುದೇ ಪ್ರಾಮಾಣಿಕ ಅಳತೆ ಎಂದು ವಿವರಿಸಿದೆ.

ಹಂತ 2: ತಾಳೆ ನೋಡುವುದು
ಕಪ್ಪುಹಲಗೆಯ ಮೇಲೆ 100 ಗ್ರಾಂ ರಾಗಿಯ ಘಟಕಗಳನ್ನು ಬರೆದೆ: ನೀರು 10.89, ಪ್ರೋಟೀನ್ 7.16, ಖನಿಜ ಬೂದಿ 2.04, ಕೊಬ್ಬು 1.92, ನಾರು 11.18, ಕಾರ್ಬೋಹೈಡ್ರೇಟ್ 66.82. ಮಕ್ಕಳು ಕೂಡಿದಾಗ 100.01 ಬಂತು. “ಹಾಗಾದರೆ ಎಲ್ಲ ಸರಿಯಾಗಿದೆ” ಎಂದರು. ಆಗ ತಿಳಿಸಿದೆ: ಇಲ್ಲಿ ಕಾರ್ಬೋಹೈಡ್ರೇಟನ್ನು ನೇರವಾಗಿ ಅಳೆದಿಲ್ಲ, 100ರಿಂದ ಉಳಿದವನ್ನೆಲ್ಲ ಕಳೆದು ಪಡೆದಿದ್ದಾರೆ. ಆದ್ದರಿಂದ ಬೇರೆ ಅಂಕಿ ತಪ್ಪಿದರೂ ಮೊತ್ತ 100 ಆಗಿಯೇ ಇರುತ್ತದೆ. ತಪ್ಪು ಕಾರ್ಬೋಹೈಡ್ರೇಟಿನಲ್ಲಿ ಅಡಗುತ್ತದೆ. ಅದಕ್ಕೇ ಪ್ರಯೋಗಾಲಯಗಳು ಒಂದೇ ಮಾದರಿಯನ್ನು ಮರಳಿ ಅಳೆಯುತ್ತವೆ; ಮೌಲ್ಯ ಮೊದಲೇ ತಿಳಿದಿರುವ ಪ್ರಮಾಣಿತ ಮಾದರಿಯನ್ನೂ ಜೊತೆಗಿಟ್ಟು ಪರೀಕ್ಷಿಸುತ್ತವೆ.

ಹಂತ 3: ಹಿಟ್ಟೋ, ಮುದ್ದೆಯೋ?
100 ಗ್ರಾಂ ಹಿಟ್ಟಿಗೆ 300 ಗ್ರಾಂ ಮುದ್ದೆಯಾಗುತ್ತದೆ ಎಂದಿಟ್ಟುಕೊಂಡೆವು. ಒಬ್ಬರು ದಿನಕ್ಕೆ 400 ಗ್ರಾಂ ಮುದ್ದೆ ಉಂಡರೆ ಕ್ಯಾಲ್ಸಿಯಂ ಎಷ್ಟು? ಹೆಚ್ಚಿನವರು 364ನ್ನು 4ರಿಂದ ಗುಣಿಸಿ 1456 ಎಂದರು. ಆದರೆ ಕೋಷ್ಟಕದ ಅಂಕಿ ಒಣ ರಾಗಿಯದು. ಆ ಮುದ್ದೆಯಲ್ಲಿರುವ ಹಿಟ್ಟು ಸುಮಾರು 133 ಗ್ರಾಂ. ಕ್ಯಾಲ್ಸಿಯಂ ಸುಮಾರು 485 ಮಿ.ಗ್ರಾಂ ಮಾತ್ರ. ವಯಸ್ಕರಿಗೆ ದಿನಕ್ಕೆ ಬೇಕೆಂದು ಭಾರತದಲ್ಲಿ ಶಿಫಾರಸು ಮಾಡಿರುವುದು 1000 ಮಿ.ಗ್ರಾಂ. ಮುದ್ದೆಯೊಂದನ್ನೇ ಲೆಕ್ಕಕ್ಕೆ ಹಿಡಿದರೆ, ಅರ್ಧದಷ್ಟೂ ಸಿಗದವರು ಬೇಕಾದ್ದಕ್ಕಿಂತ ಹೆಚ್ಚು ಪಡೆದವರ ಪಟ್ಟಿಗೆ ಸೇರಿಬಿಟ್ಟರು! ಮೂಳೆ ಸವೆತದ ಅಧ್ಯಯನದಲ್ಲಿ ಹೀಗಾದರೆ, ಕ್ಯಾಲ್ಸಿಯಂ ಕೊರತೆಗೂ ರೋಗಕ್ಕೂ ಇರುವ ನಂಟು ಕಾಣದೇ ಹೋಗಬಹುದು.

ಮೌಲ್ಯಮಾಪನ
ಯಾವುದೇ ಕೋಷ್ಟಕದ ಅಂಕಿಯನ್ನು ಬಳಸುವ ಮೊದಲು ಕೇಳಬೇಕಾದ ಮೂರು ಪ್ರಶ್ನೆಗಳನ್ನು ಬರೆಯಲು ಹೇಳಿದೆ. ಬಹುಪಾಲು ಉತ್ತರಗಳು ಹೀಗಿದ್ದವು: ಎಲ್ಲಿಯ ಮಾದರಿ? ಅಳೆದದ್ದೋ, ಲೆಕ್ಕ ಹಾಕಿದ್ದೋ? ಹಸಿಯದೋ, ಬೇಯಿಸಿದ್ದೋ?

ಈ ಪಾಠವನ್ನು ಮಾಡುವ ಸಹಪ್ರಶಿಕ್ಷಣಾರ್ಥಿಗಳಿಗೆ ಒಂದು ಸಲಹೆ: ಮೂರನೆಯ ಹಂತಕ್ಕೆ ಹೆಚ್ಚು ಸಮಯ ಮೀಸಲಿಡಿ. ಸಾಧ್ಯವಾದರೆ ಮನೆಯಲ್ಲಿ ಹಿಟ್ಟನ್ನೂ ಮುದ್ದೆಯನ್ನೂ ತೂಗಿ ಬರಲು ಹೇಳಿ; ನನ್ನ 300ರ ಬದಲು ಮಕ್ಕಳ ಸ್ವಂತ ಅಂಕಿ ಸಿಗುತ್ತದೆ.