ವಾಪಸ್ ಬರುವ ದಾರಿ ಮೊದಲು

ನೋಡಮ್ಮ, ನಿಮ್ಮಣ್ಣ ಕೊಟ್ಟ ಹಳೇ ಲ್ಯಾಪ್‌ಟಾಪಿಗೆ ಹೊಸ ವಿಂಡೋಸ್ ಹಾಕಿಸಬೇಕು ಅಂತ ಓಡಾಡುತ್ತಿದ್ದೀಯಂತೆ. ಹಾಕಿಸು, ಬೇಡ ಅನ್ನುವುದಿಲ್ಲ. ಆದರೆ ಚಿಕ್ಕಪ್ಪನ ಒಂದು ಮಾತು ಕಿವಿಯಲ್ಲಿರಲಿ. ಮುಂದಕ್ಕೆ ಹೋಗುವ ಮೊದಲು ವಾಪಸ್ ಬರುವ ದಾರಿ ಮಾಡಿಟ್ಟುಕೋ. ಬಾವಿಗೆ ಇಳಿಯುವವನು ಹಗ್ಗ ಗಟ್ಟಿಯಾಗಿದೆಯೇ ಅಂತ ಮೇಲೆ ನಿಂತೇ ಎಳೆದು ನೋಡುತ್ತಾನೆ, ಅರ್ಧಕ್ಕೆ ಇಳಿದ ಮೇಲಲ್ಲ. ಇನ್ನು ಮುಂದೆ ನಾನು ಹೇಳುವುದೆಲ್ಲ ಈ ಮಾತಿನ ವಿವರವೇ.

ಅವಸರ ಎಷ್ಟಿದೆ ಅಂತ ಮೊದಲು ತಿಳಿದುಕೋ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಂತ ಮಾರನೇ ಬೆಳಿಗ್ಗೆ ಯಾವ ಲ್ಯಾಪ್‌ಟಾಪೂ ನಿಂತುಹೋಗಲಿಲ್ಲ. ಹೊಸದಾಗಿ ಪತ್ತೆಯಾಗುವ ಭದ್ರತಾ ಲೋಪಗಳಿಗೆ ಇನ್ನು ತೇಪೆ ಬರುವುದಿಲ್ಲ, ಅಷ್ಟೇ. ಆ ‘ಅಷ್ಟೇ’ಯನ್ನು ಹಗುರ ಮಾಡಬೇಡ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಅನ್ನುವ ವೈರಸ್ ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳ ಕಂಪ್ಯೂಟರುಗಳಿಗೂ ಬೀಗ ಜಡಿದು ಹಣ ಕೇಳಿತು. ಅದು ನುಗ್ಗಿದ ಕಿಂಡಿಗೆ ತೇಪೆ ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದೆ ಬಿಟ್ಟವರು ಸಿಕ್ಕಿಬಿದ್ದರು. ತೇಪೆಯೇ ಬಾರದ ಆಪರೇಟಿಂಗ್ ಸಿಸ್ಟಮ್ (ಓಎಸ್) ಇಟ್ಟುಕೊಂಡು ಬ್ಯಾಂಕಿನ ಕೆಲಸ ಮಾಡುವುದು ಜಾಣತನವಲ್ಲ. ಮನೆಬಳಕೆಯವರಿಗೆ ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಕೊಡುವ ಏರ್ಪಾಡನ್ನು ಕಂಪನಿ ಮಾಡಿದೆ. ಅದು ಬರೀ ವಾಯಿದೆ, ಪರಿಹಾರವಲ್ಲ.

ಮುಂದಿನ ಪ್ರಶ್ನೆ, ನಿನ್ನ ಲ್ಯಾಪ್‌ಟಾಪಿಗೆ ವಿಂಡೋಸ್ 11 ಒಗ್ಗುತ್ತದೆಯೇ ಅನ್ನುವುದು. ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್’ ತೆರೆದು ಪ್ರೊಸೆಸರ್ ಹೆಸರು ನೋಡು. ಐ5-7200ಯು ಅಂತಿದ್ದರೆ ಅಡ್ಡಗೆರೆ ಆದಮೇಲಿನ 7 ಅನ್ನುವುದೇ ಜೆನರೇಷನ್. ಇಂಟೆಲ್‌ನಲ್ಲಿ ಹೆಚ್ಚುಕಡಿಮೆ 8ನೇ ಜೆನರೇಷನ್‌ನಿಂದ ಈಚಿನವಕ್ಕೆ ಮಾತ್ರ ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿ ಜಾಗ. ಐ5-8250ಯು ಒಳಗೆ, ಐ5-7200ಯು ಹೊರಗೆ. ಕೂದಲೆಳೆಯಲ್ಲಿ ತಪ್ಪಿಹೋಗುವ ಇಂಥ ಮಷೀನುಗಳು ಊರ ತುಂಬ ಇವೆ. ಪ್ರೊಸೆಸರ್ ಜೊತೆಗೆ ಟಿಪಿಎಂ 2.0 ಅನ್ನುವ ಭದ್ರತಾ ಏರ್ಪಾಡು, ಸೆಕ್ಯೂರ್ ಬೂಟ್, 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಬೇಕು. ಟಿಪಿಎಂ ಎಷ್ಟೋ ಸಲ ಇದ್ದೂ ಬಯೋಸ್‌ನಲ್ಲಿ ಆಫ್ ಆಗಿರುತ್ತದೆ. ಅದನ್ನು ಆನ್ ಮಾಡಬಹುದು, ಪ್ರೊಸೆಸರನ್ನು ಬದಲಿಸಲಾಗದು.

ಪಟ್ಟಿಯ ಹೊರಗಿದ್ದರೂ ಹಾಕಿಬಿಡುವ ಕಳ್ಳದಾರಿಯನ್ನು ಯೂಟ್ಯೂಬಿನಲ್ಲಿ ತೋರಿಸುವವರಿದ್ದಾರೆ. ಹಾಗೆ ಹಾಕಿಕೊಂಡ ಮಷೀನಿಗೆ ಅಪ್‌ಡೇಟ್ ಬರುವ ಖಾತ್ರಿ ಇಲ್ಲ ಅಂತ ಮೈಕ್ರೋಸಾಫ್ಟೇ ಹೇಳಿದೆ. ಅಪ್‌ಡೇಟಿಗಾಗಿಯೇ ಓಎಸ್ ಬದಲಿಸುವವಳಿಗೆ ಖಾತ್ರಿ ಇಲ್ಲದ ಓಎಸ್ ಯಾಕೆ? ಅಂಗಡಿಯವರು ‘ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕ್ಕೊಡ್ತೀವಿ’ ಅಂದರೆ ಯಾವುದನ್ನು ಹಾಕುತ್ತೀರಿ, ಆಕ್ಟಿವೇಟ್ ಹೇಗಾಗುತ್ತದೆ ಅಂತ ಬಾಯಿಬಿಟ್ಟು ಕೇಳು. ಪೆನ್‌ಡ್ರೈವ್‌ನಲ್ಲಿ ಆಕ್ಟಿವೇಟರ್ ತಂದು ಓಡಿಸುವವರ ಕೈಗೆ ಲ್ಯಾಪ್‌ಟಾಪ್ ಕೊಡಬೇಡ. ವಿಂಡೋಸ್ ಸಮೇತ ಕೊಂಡ ಲ್ಯಾಪ್‌ಟಾಪಿನ ಲೈಸೆನ್ಸ್ ಅದರ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ. ಡಿಸ್ಕ್ ಬದಲಿಸಿ ಅದೇ ಎಡಿಷನ್ ಹಾಕಿದರೆ ಇಂಟರ್ನೆಟ್ ಸಿಕ್ಕೊಡನೆ ತಾನಾಗಿಯೇ ಆಕ್ಟಿವೇಟ್ ಆಗುತ್ತದೆ.

ಈಗ ನಿನ್ನ ಕೆಲಸವೇನು ಅಂತ ನೋಡು. ಬಿ.ಕಾಂ. ಓದುವವಳಿಗೆ ಮನೆಯಲ್ಲೂ ಟ್ಯಾಲಿ ಬೇಕೇ ಬೇಕಾದರೆ ವಿಂಡೋಸ್ ಬಿಡುವಂತಿಲ್ಲ, ಟ್ಯಾಲಿ ಇರುವುದು ಅದಕ್ಕೇ. ಟ್ಯಾಲಿ ಕಾಲೇಜಿನ ಲ್ಯಾಬಿನಲ್ಲಿ ಸಾಕು, ಮನೆಯಲ್ಲಿ ನೋಟ್ಸು, ಮೇಲ್, ಆನ್‌ಲೈನ್ ಕ್ಲಾಸು ನಡೆದರಾಯಿತು ಅನ್ನುವುದಾದರೆ ಲಿನಕ್ಸ್ ಅನ್ನುವ ಇನ್ನೊಂದು ಓಎಸ್ ಕಡೆ ಧೈರ್ಯವಾಗಿ ತಿರುಗು. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ 4 ಜಿಬಿ ರ‍್ಯಾಮಿನ ಮಷೀನಿನಲ್ಲೂ ನಡೆಯುತ್ತದೆ. ಮಿಂಟ್ 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಇದೆ, ಕಾಸು ಕೊಡಬೇಕಿಲ್ಲ. ನೆರೆಯ ಕೇರಳದ ಸರ್ಕಾರಿ ಶಾಲೆಗಳ ಲ್ಯಾಪ್‌ಟಾಪುಗಳಲ್ಲಿ ಮಕ್ಕಳು ಕಲಿಯುತ್ತಿರುವುದೂ ಲಿನಕ್ಸಿನಲ್ಲೇ. ಪದವಿ ಓದುವ ನಿನಗೆ ಅದೇನು ಕಬ್ಬಿಣದ ಕಡಲೆಯಲ್ಲ.

ಯಾವುದನ್ನೇ ಹಾಕು, ಅದಕ್ಕೂ ಮೊದಲು ಒಂದು ಎಸ್‌ಎಸ್‌ಡಿ ಹಾಕಿಸು. 2017ರ ಆಸುಪಾಸಿನ ಲ್ಯಾಪ್‌ಟಾಪುಗಳು ತೆವಳುವುದಕ್ಕೆ ಬಹಳಷ್ಟು ಸಲ ಕಾರಣ ಓಎಸ್ ಅಲ್ಲ, ಒಳಗೆ ಗಿರಗಿರ ತಿರುಗುವ ಹಾರ್ಡ್‌ಡಿಸ್ಕ್. 256 ಜಿಬಿಯ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಸಾಮಾನ್ಯವಾಗಿ ಅದೇ ಜಾಗಕ್ಕೆ ಕೂರುತ್ತದೆ. ರ‍್ಯಾಮ್ ಕೂಡ ಹೆಚ್ಚಿಸುವುದಿದ್ದರೆ ಹಳೇ ರ‍್ಯಾಮ್ ಕಡ್ಡಿಯನ್ನೇ ಬಿಚ್ಚಿಕೊಂಡು ಬೆಂಗಳೂರಿನ ಎಸ್.ಪಿ. ರೋಡಿಗೋ ನಿನ್ನೂರಿನ ಅಂಗಡಿಗೋ ಹೋಗು. ಡಿಡಿಆರ್3ರ ಜಾಗಕ್ಕೆ ಡಿಡಿಆರ್4 ಕೂರುವುದಿಲ್ಲ.

ಎಸ್‌ಎಸ್‌ಡಿ ಹಾಕಿಸು ಅಂದದ್ದಕ್ಕೆ ವೇಗಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಹೊಸ ಓಎಸ್ ಹೊಸ ಡಿಸ್ಕಿಗೆ ಹೋಗುತ್ತದೆ, ಬಿಚ್ಚಿದ ಹಾರ್ಡ್‌ಡಿಸ್ಕ್ ಇದ್ದ ಹಾಗೇ ಬೀರುವಿನಲ್ಲಿರುತ್ತದೆ. ಹೊಸದು ಒಗ್ಗಲಿಲ್ಲ ಅಂದರೆ ನಾಲ್ಕು ಸ್ಕ್ರೂ ಬಿಚ್ಚಿ ಹಳೆಯದನ್ನು ಮತ್ತೆ ಹಾಕಿದರಾಯಿತು, ನಿನ್ನೆಯ ಲ್ಯಾಪ್‌ಟಾಪ್ ನಿನ್ನೆಯಂತೆಯೇ ಎದ್ದು ಕೂರುತ್ತದೆ. ಇದಕ್ಕಿಂತ ಒಳ್ಳೆಯ ವಾಪಸು ದಾರಿ ಇಲ್ಲ. ಇದ್ದ ಡಿಸ್ಕಿನಲ್ಲೇ ವಿಂಡೋಸ್ 11ಕ್ಕೆ ಅಪ್‌ಗ್ರೇಡ್ ಮಾಡಿದರೆ ಹಿಂದಿನದಕ್ಕೆ ಮರಳಲು ಸಾಮಾನ್ಯವಾಗಿ ಸಿಗುವುದು 10 ದಿನದ ಗಡುವು ಮಾತ್ರ.

ಹಳೇ ಡಿಸ್ಕ್ ಇದೆಯಲ್ಲ ಅಂತ ಬೇರೆ ನಕಲು ಮಾಡದೆ ಇರಬೇಡ, ಅದೂ ಮುಪ್ಪಾದದ್ದೇ. ಬೇಕಾದದ್ದನ್ನೆಲ್ಲ ಇನ್ನೊಂದು ಡಿಸ್ಕಿಗೂ ನಕಲಿಸು. ನಮ್ಮ ಜನ ‘ಡಿ ಡ್ರೈವ್‌ನಲ್ಲಿ ಇಟ್ಟಿದೀನಿ, ಫಾರ್ಮ್ಯಾಟ್ ಮಾಡಿದ್ರೂ ಹೋಗಲ್ಲ’ ಅಂದುಕೊಂಡಿರುತ್ತಾರೆ. ಆದರೆ ದಿನಾ ಕೈಯಾಡುವ ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್ ಎಲ್ಲ ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲೇ ಇರುತ್ತವೆ. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡುಗಳನ್ನು ಮರೆಯಬೇಡ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ಅದರ 48 ಅಂಕಿಯ ರಿಕವರಿ ಕೀಯನ್ನು ಬಯೋಸ್ ಮುಟ್ಟುವ ಮೊದಲೇ ಕಾಗದದಲ್ಲಿ ಬರೆದಿಟ್ಟುಕೋ. ನಕಲಾದ ಮೇಲೆ ಆ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಚುಚ್ಚಿ, ಒಂದೆರಡು ಫೋಟೋ, ಒಂದು ಪಿಡಿಎಫ್ ತೆರೆದು ನೋಡು. ತೆರೆದು ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಅಂತ ಲೆಕ್ಕಕ್ಕೆ ಹಿಡಿಯಬೇಡ.

ಕನ್ನಡದವರಿಗೆ ಇನ್ನೊಂದು ಪರೀಕ್ಷೆಯಿದೆ. ನಿಮ್ಮಪ್ಪ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಸಂಘದ ವರದಿಗಳನ್ನು ಹೊಸ ಓಎಸ್‌ನಲ್ಲಿ ತೆರೆದು ನೋಡು. ‘ಕ’ ಇರಬೇಕಾದಲ್ಲಿ ಇಂಗ್ಲಿಷಿನ ‘ಪಿ’, ಪಕ್ಕದಲ್ಲಿ ನೆತ್ತಿಗೆ ಗೀರೆಳೆದ ‘ಎ’, ‘ನ’ ಇರಬೇಕಾದಲ್ಲಿ ಪೌಂಡಿನ ಗುರುತು ಕಂಡೀತು. ಹೆದರಬೇಡ, ಫೈಲು ಕೆಟ್ಟಿಲ್ಲ. ಹಳೇ ನುಡಿ, ಬರಹ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಕಡೆ ಒಳಗಿರುವ ಇಂಗ್ಲಿಷ್ ಹೊರಬೀಳುತ್ತದೆ. ಹಳೇ ಮಷೀನಿನಿಂದ ಫಾಂಟ್ ಫೈಲುಗಳನ್ನು ತಂದು ಹಾಕು, ಬಿಡುವಿದ್ದಾಗ ಕನ್ವರ್ಟರಿನಿಂದ ಎಲ್ಲವನ್ನೂ ಯೂನಿಕೋಡಿಗೆ ತಿರುಗಿಸು. ತಿರುಗಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳ ಮೇಲೆ ಒಮ್ಮೆ ಕಣ್ಣಾಡಿಸು. ಟೈಪಿಂಗಿಗೆ ಲಿನಕ್ಸಿನಲ್ಲಿ ಐಬಸ್ ಜೊತೆ ಎಂ17ಎನ್ ಹಾಕಿಕೊಂಡರೆ ನುಡಿಯ ಕೆಜಿಪಿ ಕೀಲಿಮಣೆಯೇ ಸಿಗುತ್ತದೆ, ಬೆರಳಿಗೆ ಹೊಸದಾಗಿ ಕಲಿಸಬೇಕಿಲ್ಲ.

ಲಿನಕ್ಸ್ ಹಾಕುವ ಮೊದಲೇ ಓಡಿಸಿ ನೋಡಲು ಬರುತ್ತದೆ. 8 ಜಿಬಿಯ ಪೆನ್‌ಡ್ರೈವಿಗೆ ರೂಫಸ್ ಅನ್ನುವ ತಂತ್ರಾಂಶದಿಂದ ಅದನ್ನು ಬರೆದು, ಪೆನ್‌ಡ್ರೈವಿನಿಂದಲೇ ಬೂಟ್ ಮಾಡು. ಬರೆಯುವಾಗ ಪೆನ್‌ಡ್ರೈವಿನಲ್ಲಿ ಮೊದಲಿದ್ದುದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ. ಡಿಸ್ಕನ್ನು ಮುಟ್ಟದೆಯೇ ವೈಫೈ, ಸೌಂಡು, ಕ್ಯಾಮೆರಾ, ಮುಚ್ಚಳ ಮುಚ್ಚಿದಾಗ ಮಲಗಿ ತೆರೆದಾಗ ಏಳುತ್ತದೆಯೇ ಅನ್ನುವುದು, ಎಲ್ಲ ನೋಡಬಹುದು. ವೇಗದ ತೀರ್ಪು ಮಾತ್ರ ಆಗಲೇ ಕೊಡಬೇಡ, ಪೆನ್‌ಡ್ರೈವಿನಿಂದ ಓಡುವಾಗ ಎಲ್ಲವೂ ನಿಧಾನ. ಪ್ರಿಂಟರನ್ನೂ ಚುಚ್ಚಿ ನೋಡು. ಜೆರಾಕ್ಸ್ ಅಂಗಡಿಗಳಲ್ಲಿ ಕಾಣುವ ಕ್ಯಾನನ್ ಎಲ್‌ಬಿಪಿ 2900ಕ್ಕೆ ಲಿನಕ್ಸಿನಲ್ಲಿ ಡ್ರೈವರ್ ಕೂರಿಸುವುದು ತಲೆನೋವಿನ ಕೆಲಸ. ಎಚ್‌ಪಿಯ ಬಹುಪಾಲು ಪ್ರಿಂಟರುಗಳು ತಕರಾರಿಲ್ಲದೆ ನಡೆಯುತ್ತವೆ.

ಹಾಕುವ ದಿನ ಪರೀಕ್ಷೆಯ ಹಿಂದಿನ ದಿನವಾಗಿರಬಾರದು. ಬ್ಯಾಟರಿ ಸತ್ತ ಲ್ಯಾಪ್‌ಟಾಪಾದರೆ ಕರೆಂಟ್ ಕೈಕೊಡದ ಹೊತ್ತು ನೋಡಿಕೋ, ಇಲ್ಲವೇ ಯುಪಿಎಸ್ ಇರುವವರ ಮನೆಗೆ ಹೋಗು. ‘ಡಿಸ್ಕ್ ಅಳಿಸಲೇ’ ಅನ್ನುವ ಅರ್ಥದ ಸಾಲು ಪರದೆಯ ಮೇಲೆ ಬಂದಾಗ ಕೈ ನಿಲ್ಲಿಸಿ, ಡಿಸ್ಕಿನ ಅಳತೆ ಓದು. 256 ಜಿಬಿಯ ಆಸುಪಾಸಿದ್ದರೆ ಹೊಸದು, ಮುಂದುವರಿ. ಬೇರೆ ಅಳತೆ ಕಂಡರೆ ಅದು ಹೊಸದಲ್ಲ, ಅಲ್ಲೇ ನಿಲ್ಲಿಸು.

ಇದೆಲ್ಲ ಸರಿಹೋಯಿತು ಅನ್ನು, ‘ನಮ್ಮದಕ್ಕೂ ಹಾಕ್ಕೊಡೇ’ ಅಂತ ಅತ್ತೆ, ಮಾವ, ಪಕ್ಕದ ಮನೆಯವರು ಬಂದೇ ಬರುತ್ತಾರೆ. ಇದರಲ್ಲಿ ಏನು ಕೆಲಸ ಮಾಡುತ್ತೀರಿ ಅಂತ ಮೊದಲು ಕೇಳು. ಅವರ ಕೆಲಸಕ್ಕೆ ಹಳೆಯದೇ ಬೇಕಾಗಿದ್ದು, ಇಂಟರ್ನೆಟ್ಟಿನ ಗೋಜಿಲ್ಲದಿದ್ದರೆ ಹಾಗೇ ಬಿಡು. ಬದಲಿಸಲೇಬೇಕಾದರೆ ಅವರ ಫೈಲುಗಳನ್ನು ಅವರ ಕಣ್ಣೆದುರೇ ನಕಲಿಸಿ, ತೆರೆದು ತೋರಿಸಿ, ಆಮೇಲೆ ಕೈಹಾಕು. ‘ಅದೆಲ್ಲ ಏನೂ ಬೇಡ, ಸುಮ್ನೆ ಫಾರ್ಮ್ಯಾಟ್ ಮಾಡು’ ಅಂದವರಿಗೆ, ಎಷ್ಟೇ ದೊಡ್ಡವರಾಗಿರಲಿ, ಆಗುವುದಿಲ್ಲ ಅನ್ನು. ಬೇಜಾರು ಮಾಡಿಕೊಂಡರೆ ಚಿಕ್ಕಪ್ಪ ಹೇಳಿದ್ದು ಅಂತ ನನ್ನ ಮೇಲೆ ಹಾಕು.