ನಾಲ್ಕು ಕೋಣೆಗಳ ವ್ಯಾಪಾರ: ಮಧ್ಯವಯಸ್ಸಿನ ದಂಪತಿಗಳ ನಿಧಾನ ಪ್ರವಾಸ ಮತ್ತು ಮಲೆನಾಡಿನ ಹೋಂಸ್ಟೇ

ಪ್ರವಾಸೋದ್ಯಮ ಎಂದೊಡನೆ ವಾಣಿಜ್ಯ ವಲಯದ ಗಮನವು ಸಾಮಾನ್ಯವಾಗಿ ನೂರು ಕೋಣೆಗಳ ಹೋಟೆಲು, ಈಜುಕೊಳವುಳ್ಳ ರೆಸಾರ್ಟು ಹಾಗೂ ಪ್ಯಾಕೇಜ್ ಪ್ರವಾಸಗಳತ್ತ ಹರಿಯುತ್ತದೆ. ಇವುಗಳ ನೆರಳಿನಲ್ಲಿ ಸದ್ದಿಲ್ಲದೆ ಬೆಳೆದಿರುವ ಇನ್ನೊಂದು ಗ್ರಾಹಕ ವರ್ಗವಿದೆ. ನಲವತ್ತೈದರಿಂದ ಅರವತ್ತರ ವಯೋಮಾನದ ಈ ದಂಪತಿಗಳ ಮಕ್ಕಳು ಉನ್ನತ ವ್ಯಾಸಂಗಕ್ಕೋ ಉದ್ಯೋಗಕ್ಕೋ ಬೇರೆ ಊರು ಸೇರಿರುತ್ತಾರೆ. ದಿನಕ್ಕೆ ಆರು ಸ್ಥಳಗಳನ್ನು ನೋಡುವ ಉತ್ಸಾಹ ಇವರಲ್ಲಿ ಇಳಿದಿರುತ್ತದೆ. ಒಂದೇ ಕಡೆ ನಾಲ್ಕು ದಿನ ನೆಮ್ಮದಿಯಾಗಿ ಇರಬೇಕೆಂಬ ಆಸೆ ಹೆಚ್ಚಿರುತ್ತದೆ. ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳಲ್ಲಿ ಇಂತಹ ಮನೆಗಳಿಗೆ ಕೊರತೆಯಿಲ್ಲ.

ನಮ್ಮ ಸದಸ್ಯರಿಗೆ ಈ ವಿಷಯದೊಡನೆ ಮೂರು ಬಗೆಯ ಸಂಬಂಧವುಂಟು. ಹಲವರು ಸ್ವತಃ ಇಂತಹ ಗ್ರಾಹಕರು. ಕೆಲವರಿಗೆ ಮಲೆನಾಡಿನಲ್ಲಿ ಪಿತ್ರಾರ್ಜಿತ ಮನೆ ಮತ್ತು ತೋಟವಿದ್ದು, ಅದನ್ನು ಮಾರುವುದೋ ಉಳಿಸಿಕೊಳ್ಳುವುದೋ ಎಂಬ ಪ್ರಶ್ನೆ ಕಾಡುತ್ತಿರುತ್ತದೆ. ಇನ್ನು ಕೆಲವರು ಈ ಉದ್ಯಮಕ್ಕೆ ಬೇಕಾದ ಸರಕುಗಳನ್ನು ತಯಾರಿಸುವವರು. ಈ ಮೂವರಿಗೂ ಉಪಯುಕ್ತವಾಗುವ ಕೆಲವು ಅಂಶಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

1. ಹೋಂಸ್ಟೇ ಬೆಳೆದ ಬಗೆ

ಕಾಫಿ ಮಂಡಳಿಯೇ ಬೆಳೆಯನ್ನು ಒಟ್ಟುಗೂಡಿಸಿ ಮಾರುತ್ತಿದ್ದ ಪೂಲಿಂಗ್ ಪದ್ಧತಿಯು 1990ರ ದಶಕದ ಮಧ್ಯಭಾಗದಲ್ಲಿ ಕೊನೆಗೊಂಡಿತು. ಅಂದಿನಿಂದ ಬೆಳೆಗಾರರು ವಿಶ್ವ ಮಾರುಕಟ್ಟೆಯ ಏರಿಳಿತಗಳಿಗೆ ನೇರವಾಗಿ ಒಡ್ಡಿಕೊಂಡರು. 2000ದ ನಂತರದ ವರ್ಷಗಳಲ್ಲಿ ಕಾಫಿಯ ಬೆಲೆ ತೀವ್ರವಾಗಿ ಕುಸಿದಾಗ ಕೊಡಗು, ಚಿಕ್ಕಮಗಳೂರು ಮತ್ತು ಸಕಲೇಶಪುರದ ಅನೇಕ ಬೆಳೆಗಾರರು ತಮ್ಮ ವಿಶಾಲವಾದ ಮನೆಗಳ ಖಾಲಿ ಕೋಣೆಗಳನ್ನು ಅತಿಥಿಗಳಿಗೆ ತೆರೆದರು. ತೋಟವನ್ನು ಉಳಿಸಿಕೊಳ್ಳಲು ಹುಡುಕಿದ ಈ ಉಪ ಆದಾಯದ ಮಾರ್ಗವು ಕ್ರಮೇಣ ಒಂದು ಸ್ವತಂತ್ರ ಉದ್ಯಮವಾಯಿತು. ತೀರ್ಥಹಳ್ಳಿ, ಸಾಗರ, ಶಿರಸಿ, ಯಲ್ಲಾಪುರಗಳ ಅಡಿಕೆ ತೋಟದ ಮನೆಗಳೂ ಇದೇ ಹಾದಿ ಹಿಡಿದವು.

2. ಕೆರಿಬಿಯನ್ ದ್ವೀಪಗಳಿಂದ ಕಲಿಯಬೇಕಾದ ಪಾಠ

ದಂಪತಿಗಳ ಪ್ರವಾಸವನ್ನು ದೊಡ್ಡ ಪ್ರಮಾಣದ ವ್ಯಾಪಾರವನ್ನಾಗಿ ಮಾಡಿದ ಪ್ರದೇಶಗಳಲ್ಲಿ ಕೆರಿಬಿಯನ್ ಪ್ರಮುಖವಾದುದು. ಜಮೈಕಾದ ಮಾಂಟೆಗೊ ಬೇ ಪಟ್ಟಣದಲ್ಲಿ 1981ರಲ್ಲಿ ಆರಂಭವಾದ ಸ್ಯಾಂಡಲ್ಸ್ ಸಂಸ್ಥೆಯು ದಂಪತಿಗಳಿಗೆಂದೇ ಮೀಸಲಾದ ರೆಸಾರ್ಟುಗಳಿಂದ ಹೆಸರಾಯಿತು. ವಸತಿ, ಊಟ, ಪಾನೀಯ, ಮನರಂಜನೆ ಎಲ್ಲವೂ ಒಂದೇ ದರದಲ್ಲಿ ಸೇರಿರುವುದು ಈ ಬಗೆಯ ರೆಸಾರ್ಟುಗಳ ವೈಶಿಷ್ಟ್ಯ. ಗ್ರಾಹಕನಿಗೆ ಇದು ಅನುಕೂಲಕರವೇ ಸರಿ. ಆದರೆ ಎಲ್ಲವೂ ಆವರಣದೊಳಗೇ ದೊರೆಯುವುದರಿಂದ ಅತಿಥಿಯು ಹೊರಗಿನ ಅಂಗಡಿಗೆ ಕಾಲಿಡುವ ಅಗತ್ಯ ಬೀಳುವುದಿಲ್ಲ. ಕೆರಿಬಿಯನ್‌ನಲ್ಲಿ ಪ್ರವಾಸಿಗರು ವ್ಯಯಿಸುವ ಹಣದ ಶೇ. 80ರಷ್ಟು ಭಾಗವು ಆಮದು ಸರಕು, ವಿದೇಶಿ ಒಡೆತನ ಮುಂತಾದ ದಾರಿಗಳಲ್ಲಿ ಹೊರಕ್ಕೆ ಸೋರಿಹೋಗುತ್ತದೆ ಎಂಬ ಅಂದಾಜನ್ನು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಉಲ್ಲೇಖಿಸಿದೆ.

ಅದೇ ಪ್ರದೇಶದಲ್ಲಿ ಇದಕ್ಕೆ ಭಿನ್ನವಾದ ಮಾದರಿಗಳೂ ಇವೆ. ಕ್ಯೂಬಾ ಸರ್ಕಾರವು 1997ರಲ್ಲಿ ಖಾಸಗಿ ಮನೆಗಳ ಕೋಣೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡಲು ಪರವಾನಗಿ ನೀಡತೊಡಗಿತು. ಲಂಗರಿನಂತೆ ಕಾಣುವ ನೀಲಿ ಚಿಹ್ನೆಯು ಅಂತಹ ಮನೆಗಳ ಗುರುತು. ಬೆಟ್ಟ ಕಾಡುಗಳ ಪುಟ್ಟ ದೇಶವಾದ ಡೊಮಿನಿಕಾವು ಸುಮಾರು 185 ಕಿ.ಮೀ. ಉದ್ದದ ವೈಟುಕುಬುಲಿ ಕಾಲುದಾರಿಯನ್ನು 14 ಹಂತಗಳಾಗಿ ವಿಂಗಡಿಸಿದೆ. ಹೀಗೆ ನಡೆದು ಬರುವ ಅತಿಥಿಗೆ ದಾರಿಯ ಹಳ್ಳಿಗಳಲ್ಲಿ ಊಟ ಬೇಕು, ಹಾಸಿಗೆ ಬೇಕು, ದಾರಿ ತೋರುವವರು ಬೇಕು. ಅತಿಥಿಯ ಗತಿ ನಿಧಾನವಾದಷ್ಟೂ ಹಣವು ಊರಿನಲ್ಲಿ ನಿಲ್ಲುವ ಅವಕಾಶ ಹೆಚ್ಚುತ್ತದೆ ಎಂಬುದೇ ಇಲ್ಲಿಯ ಪಾಠ.

3. ಒಂದು ಮಾದರಿ ಲೆಕ್ಕ

ನಾಲ್ಕು ಕೋಣೆಗಳ ಒಂದು ಹೋಂಸ್ಟೇಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಕೆಳಗಿನ ಅಂಕಿಗಳು ಲೆಕ್ಕದ ಕ್ರಮವನ್ನು ತಿಳಿಸಲು ಊಹಿಸಿದವು; ಸದಸ್ಯರು ತಮ್ಮ ತಮ್ಮ ಅಂಕಿಗಳನ್ನು ಇಟ್ಟು ನೋಡಬೇಕು.

ಮಾಸಿಕ ಸ್ಥಿರ ವೆಚ್ಚ: ಅಡುಗೆಯವರ ಸಂಬಳ ರೂ. 18,000, ಇಬ್ಬರು ಸಹಾಯಕರಿಗೆ ರೂ. 24,000, ವಿದ್ಯುತ್, ಗ್ಯಾಸ್, ಇಂಟರ್ನೆಟ್ ರೂ. 10,000, ದುರಸ್ತಿ ಮತ್ತು ನಿರ್ವಹಣೆ ರೂ. 20,000. ಒಟ್ಟು ರೂ. 72,000. ಇದಲ್ಲದೆ ಪ್ರತಿ ದಂಪತಿಯ ಊಟೋಪಚಾರಕ್ಕೆ ದಿನಕ್ಕೆ ರೂ. 900 ಹಾಗೂ ಪ್ರತಿ ಬಾರಿ ಹೊಸ ಅತಿಥಿ ಬಂದಾಗ ಕೋಣೆ ಸಿದ್ಧಪಡಿಸಲು, ಬಟ್ಟೆ ಒಗೆಸಲು ರೂ. 600 ತಗಲುತ್ತದೆ ಎಂದಿಟ್ಟುಕೊಳ್ಳೋಣ.

ವಾರಾಂತ್ಯದ ವ್ಯಾಪಾರ ಮಾತ್ರ: ತಿಂಗಳಿಗೆ 8 ರಾತ್ರಿ, 4 ಕೋಣೆ, ಒಟ್ಟು 32 ಕೋಣೆ-ರಾತ್ರಿಗಳು. ರಾತ್ರಿಗೆ ರೂ. 4,000ದಂತೆ ವಹಿವಾಟು ರೂ. 1,28,000. ಎರಡು ರಾತ್ರಿ ತಂಗುವ ಅತಿಥಿಗೆ ಕೋಣೆ ಸಿದ್ಧಪಡಿಸುವ ವೆಚ್ಚ ರಾತ್ರಿಗೆ ರೂ. 300 ಆಗುತ್ತದೆ. ಊಟದ ವೆಚ್ಚವನ್ನೂ ಕಳೆದರೆ ರಾತ್ರಿಗೆ ರೂ. 2,800ರಂತೆ ಒಟ್ಟು ರೂ. 89,600. ಸ್ಥಿರ ವೆಚ್ಚ ಕಳೆದು ಉಳಿಯುವುದು ರೂ. 17,600.

ಗಮನಿಸಬೇಕಾದ ಅಂಶವೇನೆಂದರೆ, ಬುಕಿಂಗ್ ಜಾಲತಾಣಕ್ಕೆ ಶೇ. 15ರಂತೆ ಕಮಿಷನ್ ಕೊಡಬೇಕಾಗಿ ಬಂದರೆ ಅದೊಂದೇ ರೂ. 19,200 ಆಗುತ್ತದೆ. ಅಂದರೆ ವಾರಾಂತ್ಯದಲ್ಲಿ ಕೋಣೆಗಳೆಲ್ಲ ತುಂಬಿದ್ದರೂ ಮಾಲೀಕನಿಗೆ ನಷ್ಟ.

ವಾರದ ಮಧ್ಯದ ಅತಿಥಿಗಳು ಸೇರಿದಾಗ: ಭಾನುವಾರದಿಂದ ಗುರುವಾರದವರೆಗೆ ನಾಲ್ಕು ರಾತ್ರಿ ತಂಗುವ ಆರು ದಂಪತಿಗಳು ತಿಂಗಳಿಗೆ ಬಂದರೆ 24 ಕೋಣೆ-ರಾತ್ರಿಗಳು ಹೆಚ್ಚುತ್ತವೆ. ದರವನ್ನು ರೂ. 3,200ಕ್ಕೆ ಇಳಿಸಿದರೂ ಊಟದ ರೂ. 900 ಮತ್ತು ಕೋಣೆಯ ರೂ. 150 ಕಳೆದು ರಾತ್ರಿಗೆ ರೂ. 2,150 ಉಳಿಯುತ್ತದೆ. ಒಟ್ಟು ರೂ. 51,600. ಅಡುಗೆಯವರಿಗೂ ಸಹಾಯಕರಿಗೂ ತಿಂಗಳ ಸಂಬಳ ಹೇಗೂ ಸಲ್ಲುತ್ತಿರುವುದರಿಂದ ಈ ಮೊತ್ತವು ಬಹುಮಟ್ಟಿಗೆ ಲಾಭಕ್ಕೇ ಸೇರುತ್ತದೆ. ಮಾಲೀಕನ ಉಳಿಕೆ ರೂ. 17,600ರಿಂದ ರೂ. 69,200ಕ್ಕೆ ಏರುತ್ತದೆ. ಒಂದು ಕೋಣೆಯನ್ನೂ ಹೊಸದಾಗಿ ಕಟ್ಟದೆ, ದರ ಏರಿಸದೆ, ಲಾಭವು ಸುಮಾರು ನಾಲ್ಕು ಪಟ್ಟಾಯಿತು.

4. ವಾರದ ಮಧ್ಯದಲ್ಲಿ ಬರುವವರು ಯಾರು?

ಮಾಹಿತಿ ತಂತ್ರಜ್ಞಾನ ಕ್ಷೇತ್ರದ ಯುವಕರಿಗೆ ಬಿಡುವು ದೊರೆಯುವುದು ಶನಿವಾರ, ಭಾನುವಾರ. ವ್ಯಾಪಾರಿಯ ಸ್ಥಿತಿ ಇದಕ್ಕೆ ವಿರುದ್ಧ. ಆ ಎರಡು ದಿನಗಳೇ ಅವನ ಗಲ್ಲಾಪೆಟ್ಟಿಗೆ ತುಂಬುವ ದಿನಗಳು. ಅವನು ಹೊರಡಬಹುದಾದುದು ಸೋಮವಾರವೋ ಮಂಗಳವಾರವೋ. ಸ್ವಯಂ ನಿವೃತ್ತಿ ಪಡೆದ ಬ್ಯಾಂಕ್ ನೌಕರರು, ಸ್ವತಂತ್ರ ವೃತ್ತಿಯವರು ಕೂಡ ಇದೇ ಗುಂಪಿಗೆ ಸೇರುತ್ತಾರೆ.

ಋತುಮಾನದಲ್ಲೂ ಇಂತಹುದೇ ಹೊಂದಾಣಿಕೆಯಿದೆ. ಮದುವೆ, ಗೃಹಪ್ರವೇಶಗಳಿಲ್ಲದ ಆಷಾಢ ಮಾಸದಲ್ಲಿ ನಗರದ ಜವಳಿ, ಚಿನ್ನಾಭರಣ, ಪಾತ್ರೆ ವ್ಯಾಪಾರ ತಣ್ಣಗಿರುತ್ತದೆ. ಅದೇ ವೇಳೆಗೆ ಮಲೆನಾಡಿನಲ್ಲಿ ಮಳೆ ಹಿಡಿದು ಹೋಂಸ್ಟೇಗಳೂ ಖಾಲಿಯಿರುತ್ತವೆ. ಒಬ್ಬರ ಬಿಡುವಿನ ಕಾಲವೇ ಇನ್ನೊಬ್ಬರ ಖಾಲಿ ಕಾಲವಾಗಿರುವಾಗ ಇಬ್ಬರನ್ನೂ ಕೂಡಿಸುವುದು ವ್ಯಾಪಾರ ಬುದ್ಧಿಯ ಕೆಲಸ. ಆದರೆ ಕೊಡಗಿನಲ್ಲಿ 2018ರ ಆಗಸ್ಟ್ ತಿಂಗಳಲ್ಲಿ ಸಂಭವಿಸಿದ ಭೂಕುಸಿತಗಳನ್ನು ಮರೆಯಲಾಗದು. ಕಡಿದಾದ ಇಳಿಜಾರಿನ ಕೆಳಗಿರುವ ಮನೆಗಳು ಮಳೆಗಾಲದಲ್ಲಿ ಅತಿಥಿಗಳನ್ನು ಕರೆಯದಿರುವುದೇ ಲೇಸು.

5. ಈ ಗ್ರಾಹಕನಿಗೆ ಬೇಕಾದುದು

ಮಧ್ಯವಯಸ್ಸಿನ ಅತಿಥಿಯು ವೈಭವವನ್ನು ಅಷ್ಟಾಗಿ ಬಯಸುವುದಿಲ್ಲ. ಅವನ ನಿರೀಕ್ಷೆಗಳು ಸರಳ, ಆದರೆ ಖಚಿತ. ಮಂಡಿನೋವಿರುವವರಿಗೆ ನೆಲ ಅಂತಸ್ತಿನ ಕೋಣೆ, ಕುರ್ಚಿ ಮಾದರಿಯ ಶೌಚಾಲಯ, ಸ್ನಾನದ ಕೋಣೆಯಲ್ಲಿ ಹಿಡಿಕೆ ಮತ್ತು ಜಾರದ ನೆಲ. ಮಾತ್ರೆ ನುಂಗುವವರಿಗೆ ಹೊತ್ತಿಗೆ ಸರಿಯಾದ ಊಟ. ಸಕ್ಕರೆ, ಉಪ್ಪು, ಎಣ್ಣೆಯ ಮಿತಿ. ಅತಿ ಸಮೀಪದ ವೈದ್ಯರು ಎಷ್ಟು ದೂರದಲ್ಲಿದ್ದಾರೆಂಬ ಮಾಹಿತಿ. ಓದಲು ಸಾಕಾಗುವಷ್ಟು ಬೆಳಕು. ಎಲ್ಲಕ್ಕಿಂತ ಮಿಗಿಲಾಗಿ ನಿಶ್ಶಬ್ದ. ಪಕ್ಕದ ಅಂಗಳದಲ್ಲಿ ಧ್ವನಿವರ್ಧಕ ಕೂಗುವ ಮನೆಗೆ ಅವರು ಎರಡನೆಯ ಬಾರಿ ಬರುವುದಿಲ್ಲ.

ಇವರಿಗೆ ತೋರಿಸಬೇಕಾದುದು ತೋಟದ ದೈನಂದಿನ ಕೆಲಸವನ್ನೇ. ಮಾರ್ಚ್ ವೇಳೆಗೆ ಮಳೆ ಬಿದ್ದಾಗ ಅರಳುವ ಕಾಫಿ ಹೂವು, ಬೇಸಿಗೆಯ ಹಲಸಿನ ಹಪ್ಪಳ, ನವೆಂಬರ್ ನಂತರದ ಅರೇಬಿಕಾ ಕೊಯ್ಲು. ಇವು ಯಾವ ರೆಸಾರ್ಟೂ ಕಟ್ಟಿ ಕೊಡಲಾಗದ ಆಕರ್ಷಣೆಗಳು. ದಿನಕ್ಕೊಂದು ಸ್ಥಳ ಸಾಕು: ತೀರ್ಥಹಳ್ಳಿಯ ಬಳಿ ತಂಗಿದವರಿಗೆ ಒಂದು ದಿನ ಕುಪ್ಪಳಿಯ ಕವಿಮನೆ, ಸಾಗರದ ಬಳಿ ತಂಗಿದವರಿಗೆ ಒಂದು ದಿನ ಇಕ್ಕೇರಿಯ ಅಘೋರೇಶ್ವರ ದೇಗುಲ, ಮತ್ತೊಂದು ದಿನ 1949ರಲ್ಲಿ ಸ್ಥಾಪನೆಯಾದ ಹೆಗ್ಗೋಡಿನ ನೀನಾಸಂ.

6. ನಿಯಮ ಮತ್ತು ತೆರಿಗೆ

ಹೋಂಸ್ಟೇ ನಡೆಸುವವರು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಬೇಕು. ಕೇಂದ್ರ ಸರ್ಕಾರದ ಅತುಲ್ಯ ಭಾರತ ಹೋಂಸ್ಟೇ ಯೋಜನೆಯಲ್ಲಿ ಗರಿಷ್ಠ 6 ಕೋಣೆಗಳ ಮಿತಿಯಿದ್ದು, ಮಾಲೀಕರು ಅಥವಾ ಅವರ ಕುಟುಂಬ ಅಲ್ಲಿಯೇ ವಾಸವಿರಬೇಕೆಂಬ ನಿಬಂಧನೆಯಿದೆ. ಅತಿಥಿಗಳ ಗುರುತಿನ ದಾಖಲೆ ಇಡುವುದು ಅಗತ್ಯ.

ಸೇವೆಗಳ ವಾರ್ಷಿಕ ವಹಿವಾಟು ರೂ. 20 ಲಕ್ಷ ಮೀರಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಮೇಲಿನ ಮಾದರಿಯಲ್ಲಿ ಮಾಸಿಕ ವಹಿವಾಟು ರೂ. 2,04,800. ವರ್ಷಕ್ಕೆ ಒಂಬತ್ತು ತಿಂಗಳು ನಡೆಸಿದರೆ ಸುಮಾರು ರೂ. 18.4 ಲಕ್ಷ; ಹನ್ನೆರಡು ತಿಂಗಳಾದರೆ ರೂ. 24.5 ಲಕ್ಷ ದಾಟುತ್ತದೆ. ದಿನಕ್ಕೆ ರೂ. 7,500ರವರೆಗಿನ ಕೋಣೆಗಳ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿಸಲಾಗಿದೆ. ಆದರೆ ಹೂಡುವಳಿ ತೆರಿಗೆ ಜಮೆಯ ಸೌಲಭ್ಯ ಇದಕ್ಕೆ ಇಲ್ಲ. ಆದ್ದರಿಂದ ಹಾಸಿಗೆ, ಪೀಠೋಪಕರಣಗಳ ಮೇಲೆ ತೆತ್ತ ತೆರಿಗೆಯನ್ನು ವೆಚ್ಚವೆಂದೇ ಭಾವಿಸಬೇಕು.

7. ಸಣ್ಣ ಉತ್ಪಾದಕರಿಗೆ ಅವಕಾಶ

ನಾಲ್ಕು ಹಾಸಿಗೆಗಳಿಗೆ ಕನಿಷ್ಠ ಹನ್ನೆರಡು ಜೊತೆ ಹೊದಿಕೆಗಳು ಬೇಕು: ಒಂದು ಹಾಸಿಗೆಯ ಮೇಲೆ, ಒಂದು ಒಗೆತದಲ್ಲಿ, ಒಂದು ಕಪಾಟಿನಲ್ಲಿ. ದೊಡ್ಡ ಸರಬರಾಜುದಾರರಿಗೆ ಇದು ಅತಿ ಚಿಕ್ಕ ಬೇಡಿಕೆ. ಆದರೆ ಒಂದು ತಾಲ್ಲೂಕಿನ ಇಪ್ಪತ್ತೈದು ಹೋಂಸ್ಟೇಗಳು ಒಟ್ಟಾದರೆ ಮುನ್ನೂರು ಜೊತೆ. ಅದು ಸಣ್ಣ ಘಟಕವೊಂದಕ್ಕೆ ಒಪ್ಪುವ ಬೇಡಿಕೆ. ಸೌರ ಜಲತಾಪಕ, ಸ್ನಾನಗೃಹದ ಹಿಡಿಕೆ, ಸದ್ದು ಕಡಿಮೆಯಿರುವ ಪಂಪು, ಇನ್ವರ್ಟರ್ ಇವುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಸರಕು ಮಾರುವುದರ ಜೊತೆಗೆ ಮಳೆಗಾಲದ ಮುನ್ನ ದುರಸ್ತಿ ಸೇವೆಯನ್ನೂ ಒದಗಿಸುವವರಿಗೆ ಗ್ರಾಹಕರು ಸ್ಥಿರವಾಗಿ ಉಳಿಯುತ್ತಾರೆ.

8. ಉಪಸಂಹಾರ

ನಾಲ್ಕು ಕೋಣೆ ತುಂಬಿದೊಡನೆ ಹದಿನಾಲ್ಕು ಕೋಣೆ ಕಟ್ಟಿಸುವ ಆಸೆ ಸಹಜ. ಆದರೆ ಬ್ಯಾಂಕಿನ ಕಂತು ತೀರಿಸಲು ಗದ್ದಲದ ಗುಂಪುಗಳನ್ನೂ ಕರೆಯಬೇಕಾಗುತ್ತದೆ. ಗದ್ದಲಕ್ಕೆ ಹೆದರಿ ನಿಧಾನದ ಅತಿಥಿ ಬೇರೆಡೆಗೆ ಹೋಗುತ್ತಾನೆ. ಈ ವ್ಯಾಪಾರದಲ್ಲಿ ಮಿತಿಯೇ ಬಂಡವಾಳ.

ಹಿರಿಯರ ಮನೆಯೊಂದು ಊರಿನಲ್ಲಿ ಬೀಗ ಹಾಕಿ ನಿಂತಿದ್ದರೆ, ಮಾರಾಟದ ಪತ್ರಕ್ಕೆ ಸಹಿ ಹಾಕುವ ಮುನ್ನ ಸದಸ್ಯರು ಮೂರು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳುವುದು ಒಳಿತು. ಆ ಮನೆಯಲ್ಲಿ ವಾಸವಿದ್ದು ಅತಿಥಿಗಳನ್ನು ಉಪಚರಿಸಬಲ್ಲ ಬಂಧುಗಳು ಯಾರಿದ್ದಾರೆ? ವಾರದ ಮಧ್ಯದಲ್ಲಿ ಬರಬಲ್ಲ ಆರು ದಂಪತಿಗಳು ನಮ್ಮ ಪರಿಚಯದಲ್ಲೇ ಇದ್ದಾರೆಯೇ? ಅತಿಥಿ ಕೊಡುವ ನೂರು ರೂಪಾಯಿಯಲ್ಲಿ ಎಷ್ಟು ಆ ಊರಿನಲ್ಲೇ ಉಳಿಯುತ್ತದೆ? ಮೊದಲ ಪ್ರಶ್ನೆಗೆ ಉತ್ತರ ದೊರೆಯದಿದ್ದರೆ ಮುಂದಿನ ಎರಡನ್ನು ಕೇಳುವ ಅಗತ್ಯವಿಲ್ಲ. ದೊರೆತರೆ, ಮೇಲಿನ ಲೆಕ್ಕವನ್ನು ತಮ್ಮ ಅಂಕಿಗಳೊಡನೆ ಮತ್ತೊಮ್ಮೆ ಹಾಕಿ ನೋಡಬಹುದು.